ಲೋನಪ್ಪನ್ ಟೈಲರ ಲೂಸು ಅಳತೆ

ಲೋನಪ್ಪನ್: ಹೊಟ್ಟೆಗೆ ಅಂತಲೇ ಬೇರೆ ಸಿಸ್ಟರ್. ನಾಳೆ ಹೆಬ್ಬೆರಳಿಗೊಬ್ಬಳು, ಕಿರುಬೆರಳಿಗೊಬ್ಬಳು ಬರ್ತಾಳೆ. ಚಹಾ ಕೊಟ್ಟು ಕಳಿಸು ತ್ರೇಸ್ಯಾ. ನಾನಂತೂ ಅಂಗಿ ಎತ್ತಲ್ಲ.

ತ್ರೇಸ್ಯಾ: ಎತ್ತಬೇಡಿ. ಹೋದ ಭಾನುವಾರ ಚರ್ಚಿನಲ್ಲಿ ಚೀಲ ತಾನಾಗೇ ಬಿಚ್ಕೊಂಡಿತಲ್ಲ, ಈ ಭಾನುವಾರವೂ ಬಿಚ್ಕೊಳ್ಳಲಿ.

ಲೋನಪ್ಪನ್: ಈ ಭಾನುವಾರ ನಾನು ಚರ್ಚಿಗೇ ಬರಲ್ಲ. ಮಗೂನ ನನ್ನ ತಮ್ಮ ಹಿಡೀಲಿ. ಅವನಿಗೆ ಹೊಟ್ಟೆ ಸೋರಲ್ಲ, ಬಾಯಿ ಮಾತ್ರ ಸೋರುತ್ತೆ.

ಮಗು ಅಂದರೆ ನನ್ನ ಮಗಳು. ಭಾನುವಾರ ಅವಳ ಜ್ಞಾನಸ್ನಾನ. ನಮ್ಮಲ್ಲಿ ಚೊಚ್ಚಲ ಮಗುವನ್ನು ಆ ಹೊತ್ತಿಗೆ ಕೈಯಲ್ಲಿ ಹಿಡಿದು ನಿಲ್ಲಬೇಕಾದವರು ಗಂಡನ ತಂದೆ. ಮಾವ ಲೋನಪ್ಪನ್ ಊರಿನ ಟೈಲರು, ತ್ರೇಸ್ಯಾ ನನ್ನ ಅತ್ತೆ. ಮಳೆಗಾಲದ ಕೊನೆಗೆ ಕರುಳಿನ ಗಡ್ಡೆ ತೆಗೆಸಿಕೊಂಡು ಬಂದಾಗಿನಿಂದ ಅವರ ಕರುಳಿನ ತುದಿ ಹೊಟ್ಟೆಯ ಮೇಲೆ ಹೊರಗೆ ಬಂದು ಕೂತಿದೆ. ಅದರ ಸುತ್ತ ಒಂದು ಅಂಟುಬಿಲ್ಲೆ, ಬಿಲ್ಲೆಗೆ ಮಲ ಬೀಳುವ ಚೀಲ. ಈ ಚೀಲ ಮಾತ್ರ ನಿಲ್ಲುತ್ತಿಲ್ಲ. ಸೋರುವ ಅಜ್ಜ, ಬಿಳಿ ರೇಷ್ಮೆಯ ಫ್ರಾಕು, ನಡುವೆ ನನ್ನ ಮಗು ಎಂದು ನೆನೆಸಿಕೊಂಡೇ ನನಗೆ ಅನ್ನ ಇಳಿಯುತ್ತಿರಲಿಲ್ಲ. ಮಾವ ಬರುವುದೇ ಇಲ್ಲ ಎಂದರೆ ಅದೂ ಇಳಿಯುತ್ತಿರಲಿಲ್ಲ.

ಇಂಥ ಚೀಲದವರ ಆರೈಕೆಯನ್ನೇ ತ್ರಿಶ್ಶೂರಿನಲ್ಲಿ ಕಲಿತು, ನಮ್ಮ ಗುಡ್ಡಕ್ಕೆ ತಿಂಗಳಿಗೊಮ್ಮೆ ಜೀಪು ಹತ್ತಿ ಬರುವ ನರ್ಸ್ ಸಫಿಯಾ ಸಿಸ್ಟರ್, ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಇಷ್ಟನ್ನೂ ಕೇಳಿಸಿಕೊಂಡಿದ್ದರು.

ಸಫಿಯಾ: ಕಿರುಬೆರಳಿನವಳು ಬರೋ ತಿಂಗಳು ಬರ್ತಾಳೆ, ಲೋನಪ್ಪೇಟ್ಟಾ. ಇವತ್ತು ನನಗೋಸ್ಕರ ಅಂಗಿ ಎತ್ತಿ.

ಲೋನಪ್ಪನ್: ಮೊದಲು ನಿನ್ನ ಕೋಟು ನೋಡ್ಕೋ. ಭುಜ ಮೊಣಕೈಗೆ ಇಳಿದಿದೆ. ಕೋಟು ತೊಟ್ಟಿದ್ದೀಯೋ, ಅದರೊಳಗೆ ಬಾಡಿಗೆಗೆ ಇದ್ದೀಯೋ? ಯಾವ ಕತ್ತೆ ಹೊಲಿದದ್ದು?

ಸಫಿಯಾ: ಆಮೇಲೆ ಹೇಳ್ತೀನಿ. ಮಲಗಿ.

ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಬಿಲ್ಲೆ ಬಿಚ್ಚಿದರೆ ಕೆಳಗಿನ ಚರ್ಮ ಸುಟ್ಟ ಹಾಗೆ ಕೆಂಪಾಗಿತ್ತು. ಜೊತೆಗೆ ಮಿರಮಿರ ಮಿಂಚುತ್ತಿತ್ತು.

ಸಫಿಯಾ: ಇದೇನು ಮಿಂಚ್ತಿರೋದು?

ತ್ರೇಸ್ಯಾ: ಕೊಬ್ಬರಿ ಎಣ್ಣೆ. ಉರಿ ಅಂದ್ರು, ಹಚ್ಚಿದೆ.

ಸಫಿಯಾ: ಎಣ್ಣೆ ಹಚ್ಚಿ ಅದರ ಮೇಲೆ ಅಂಟಿಸಿದ್ರಾ?

ತ್ರೇಸ್ಯಾ: ಅಂಗಡೀದಲ್ಲ ಸಿಸ್ಟರ್. ಗಾಣದ್ದು.

ಸಫಿಯಾ: ಗಾಣದ್ದಾದ್ರೆ ಇನ್ನೂ ಚೆನ್ನಾಗಿ ಜಾರುತ್ತೆ.

ಲೋನಪ್ಪನ್: ಕೇಳಿಸ್ತಾ? ಮೀನು ಹುರಿಯೋ ಕೈ. ಹೊಟ್ಟೆ ಕಂಡ್ರೂ ಬಾಣಲೆ ಅನ್ಕೋತಾಳೆ. ಕಳ್ಳಿ ಸಿಕ್ಕಿದಳಲ್ಲ, ಇನ್ನು ಹೊರಡು ಸಿಸ್ಟರ್.

ಸಫಿಯಾ: ಎಣ್ಣೆ ಉರಿ ಬಂದ ಮೇಲೆ ತಾನೆ ಹಚ್ಚಿದ್ದು? ಉರಿ ಯಾಕೆ ಬಂತು?

ನಾನು: ಅಲರ್ಜಿ ಇರಬಹುದಾ ಸಿಸ್ಟರ್? ಫೋನಿನಲ್ಲಿ ಓದಿದೆ...

ಲೋನಪ್ಪನ್: ಇವಳ ಫೋನಿನಲ್ಲಿ ಮಗುವಿನ ಬಿಕ್ಕಳಿಕೆಗೂ ಹೃದಯರೋಗ ಅಂತ ಬಂದಿತ್ತು. ಪಟ್ಟಣದಲ್ಲಿ ಓದಿಸಿದ್ದು ಇದಕ್ಕೆ.

ಸಫಿಯಾ: ಬಿಲ್ಲೆಯ ತೂತು ಯಾರು ಕತ್ತರಿಸ್ತೀರಿ?

ಮಾವ ತಟ್ಟನೆ ಈ ಕಡೆ ತಿರುಗಿದರು.

ಲೋನಪ್ಪನ್: ಮತ್ಯಾರು? ಈ ಗುಡ್ಡಕ್ಕೆಲ್ಲ ಬಟ್ಟೆ ಉಡಿಸಿದವನು ನಾನು. ಮೋಳೇ, ಆ ಮಿಷನ್ನಿನ ಡ್ರಾ ಎಳಿ.

ಮೋಳೇ ಅಂದರೆ ಮಗಳೇ, ಅಂದರೆ ನಾನು. ಡ್ರಾದಲ್ಲಿ, ಯಾರದೋ ಮದುವೆ ಕಾಗದದ ದಪ್ಪ ರಟ್ಟಿನಲ್ಲಿ ದುಂಡಗೆ ಕತ್ತರಿಸಿದ ಒಂದು ಮಾದರಿ ಇತ್ತು. ಅದರೊಳಗೆ ನನ್ನ ಮಗಳ ಮುಷ್ಟಿ ಸಲೀಸಾಗಿ ಹೋಗುತ್ತಿತ್ತು.

ಲೋನಪ್ಪನ್: ಆಸ್ಪತ್ರೆಯಲ್ಲಿ ತೆಗೆದ ಅಳತೆ. ಸುತ್ತ ಅರ್ಧ ಬೆರಳು ಲೂಸು ಬಿಟ್ಟಿದ್ದೀನಿ.

ಸಫಿಯಾ: ಲೂಸು ಯಾಕೆ?

ಲೋನಪ್ಪನ್: ಯಾಕೆ ಅಂದ್ರೆ? ಬೆಳೆಯೋಕೆ. ಬೆಳೆಯೋಕೆ ಜಾಗ ಬಿಡದವನು ಟೈಲರೇ ಅಲ್ಲ.

ತ್ರೇಸ್ಯಾ: ಇವರು ಹೊಲಿದ ಮದುವೆ ಅಂಗಿಯೊಳಗೆ ನನ್ನಣ್ಣ ಇನ್ನೂ ಬೆಳೀತಿದ್ದಾನೆ ಸಿಸ್ಟರ್. ಮೊಮ್ಮಕ್ಕಳಾದ್ರು.

ಸಫಿಯಾ: ಇದು ಬೆಳೆಯಲ್ಲ ಲೋನಪ್ಪೇಟ್ಟಾ. ಆಪರೇಷನ್ ಆದಾಗ ಊದಿರುತ್ತೆ, ಬರ್ತಾ ಬರ್ತಾ ಇಳಿಯುತ್ತೆ. ನೀವು ಬಿಟ್ಟ ಜಾಗದಲ್ಲಿ ಬೆಳೀತಿರೋದು ಹುಣ್ಣು. ಚೀಲಕ್ಕೆ ಹೋಗಬೇಕಾದದ್ದು ಬರೀ ಚರ್ಮದ ಮೇಲೆ ಕೂತು ಸುಡ್ತಿದೆ, ಬಿಲ್ಲೇನೂ ಎಬ್ಬಿಸ್ತಿದೆ.

ಲೋನಪ್ಪನ್: ಕತ್ತರಿ ಹಿಡಿದೇ ಮುದುಕನಾದವನಿಗೆ ತೂತು ಕತ್ತರಿಸೋದು ಹೇಳಿಕೊಡೋಕೆ ಜೀಪಲ್ಲಿ ಬಂದಿದ್ದಾಳೆ. ಒಂದು ಸಲ ಅಳತೆ ಅಂದ್ರೆ ಅಳತೆ. ಲೋನಪ್ಪನ್ ಎರಡನೇ ಸಲ ಟೇಪು ಹಿಡಿದವನಲ್ಲ.

ಸಿಸ್ಟರ್ ಕೋಟಿನ ಕಾಲರನ್ನು ಹಿಂದಕ್ಕೆ ಮಡಚಿ ಅವರ ಮುಖದ ಹತ್ತಿರ ಬಾಗಿದರು. ಒಳಗಡೆ ಕೆಂಪು ದಾರದ ಚೀಟಿ: ಲೋನಪ್ಪನ್ ಟೈಲರ್ಸ್.

ತ್ರೇಸ್ಯಾ: ಕತ್ತೆ ಸಿಕ್ತು.

ಲೋನಪ್ಪನ್: (ಕಾಲರನ್ನು ಉಗುರಿನಿಂದ ಕೆರೆದು ನೋಡಿ) ಹೊಲಿಗೆ ಗಟ್ಟಿ ಇದೆ.

ಸಫಿಯಾ: ಭುಜ?

ಲೋನಪ್ಪನ್: ಅಳತೆ ಕೊಡೋಕೆ ಬಂದಾಗ ನೀನು ತುಂಬು ಬಸುರಿ. ಊದ್ಕೊಂಡಿದ್ದೆ. ಹೆತ್ತ ಮೇಲೆ ಇಳಿದುಹೋದೆ. ಇಳಿದವಳು ಬಂದು ಹೊಸ ಅಳತೆ ಕೊಡಬೇಕು ತಾನೆ? ಹಳೇ ಅಳತೆ ಇಟ್ಕೊಂಡು ಕತ್ತರೀನ ಬೈದ್ರೆ...

ಮಾವ ತಮ್ಮ ಹೊಟ್ಟೆಯ ಕಡೆ ನೋಡಿಕೊಂಡರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸಿಸ್ಟರ್ ತಮ್ಮ ಕೈಚೀಲದಿಂದ ಸಾಲುಸಾಲು ತೂತಿನ ಒಂದು ರಟ್ಟು ತೆಗೆದರು. ಬಳೆಗಾರನ ಅಳತೆಬಳೆಗಳ ಹಾಗೆ, ಒಂದಕ್ಕಿಂತ ಒಂದು ಚಿಕ್ಕದು.

ಸಫಿಯಾ: ಇಳಿದಿದ್ದೀರಿ. ಹೊಸ ಅಳತೆ ಕೊಡ್ತೀರಾ?

ಅಳತೆ ಆಯಿತು. ಹಳೆಯದರ ಅರ್ಧವೂ ಇರಲಿಲ್ಲ. ಎಣ್ಣೆ ತೊಳೆದು ಒರೆಸಿ ಒಣಗಿಸಿ ಸಿಸ್ಟರ್ ಕತ್ತರಿ ತೆಗೆದದ್ದೇ ತಡ, ಮಾವ ಕೈ ನೀಡಿದರು.

ಲೋನಪ್ಪನ್: ಇಲ್ಲಿ ಕೊಡು. ನೀನು ಕತ್ತರಿ ಹಿಡಿಯೋದು ನೋಡಿದ್ರೆ ಹಸುವಿಗೆ ಹುಲ್ಲು ಕೊಯ್ಯೋ ಹಾಗಿದೆ.

ಗುಂಡಿಕಾಜ ಕತ್ತರಿಸುವಷ್ಟು ನಾಜೂಕಾಗಿ ಕತ್ತರಿಸಿದರು. ಬಿಲ್ಲೆ ಅಂಟಿಸಿ, ಸಿಸ್ಟರ್ ಹೇಳಿದಂತೆ ಮೇಲೆ ಅಂಗೈ ಇಟ್ಟು ಬಿಸಿ ಕೊಟ್ಟರು.

ಸಫಿಯಾ: ಏಳಿ. ಬಗ್ಗಿ. ಜೋರಾಗಿ ಕೆಮ್ಮಿ.

ಲೋನಪ್ಪನ್: ಕೆಮ್ಮು ಬರ್ತಿಲ್ಲ. ತ್ರೇಸ್ಯಾನ ಬೈದ್ರೆ ಸಾಕಾ?

ಸಫಿಯಾ: ಅದಕ್ಕೇ ಜಾಸ್ತಿ ಒತ್ತಡ. ಬೈಯಿರಿ.

ಬೈದರು. ಬಿಲ್ಲೆ ಮಿಸುಕಲಿಲ್ಲ. ಆಮೇಲೆ ಮಾವನ ದನಿ ಇಳಿಯಿತು.

ಲೋನಪ್ಪನ್: ಅಲ್ಲ, ಎಲ್ಲರ ಮುಂದೆ ಸೋರಿದ್ರೆ? ಹೋದ ವಾರ ನಮ್ಮ ಬೆಂಚಿನವರು ಒಬ್ಬೊಬ್ಬರೇ ಎದ್ದು ಹಿಂದಕ್ಕೆ ಹೋದ್ರು. ಯಾರೂ ಏನೂ ಅನ್ನಲಿಲ್ಲ. ಅದೇ.

ಸಫಿಯಾ: ಎಣ್ಣೆ ಮುಟ್ಟಬೇಡಿ, ಲೂಸು ಬಿಡಬೇಡಿ. ಏನಾದ್ರೂ ಆದ್ರೆ ಭಾನುವಾರವಾದ್ರೂ ಫೋನ್ ಮಾಡಿ. ಈಗ ಮಗೂನ ಚರ್ಚಿನಲ್ಲಿ ಹಿಡಿಯೋ ಹಾಗೆ ಹಿಡೀರಿ, ನೋಡೋಣ.

ನಾನು ಮಗುವನ್ನು ಕೊಟ್ಟೆ. ಮಾವ ಎದೆಗೂ ಹೊಟ್ಟೆಗೂ ಒತ್ತಿ ಹಿಡಿದು ನಿಂತರು. ಸ್ವಲ್ಪ ಹೊತ್ತಿಗೆ ಅಂಗಿಯ ಮುಂಭಾಗದಲ್ಲಿ ಒದ್ದೆ ಹರಡತೊಡಗಿತು. ಎಲ್ಲರೂ ಅದನ್ನೇ ನೋಡಿದೆವು. ಮಾವ ಕಣ್ಣು ಮುಚ್ಚಿಕೊಂಡರು.

ಲೋನಪ್ಪನ್: ಮುಗೀತು. ತಮ್ಮನಿಗೆ ಹೇಳಿಕಳಿಸಿ.

ಸಿಸ್ಟರ್ ಅಂಗಿ ಎತ್ತಿ ಬಿಲ್ಲೆಯ ಅಂಚಿನ ಸುತ್ತ ಬೆರಳಾಡಿಸಿದರು. ಒಣಗಿತ್ತು. ಆಮೇಲೆ ಮಗುವಿನ ತೊಡೆ ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು. ಮಾವ ಒಂದು ಕಣ್ಣು ತೆರೆದರು.

ಲೋನಪ್ಪನ್: ಮೋಳೇ, ಇದಕ್ಕೆ ಕಟ್ಟಿರೋ ಡೈಪರು ಯಾವ ಅಳತೇದು?

ನಾನು: ಒಂದು ಸೈಜು ದೊಡ್ಡದು, ಅಪ್ಪಚ್ಚಾ. ಬೆಳೆಯೋ ಮಗು ಅಂತ...

ಮಾವ ಮಗುವನ್ನು ನನಗೆ ಕೊಡಲಿಲ್ಲ. ಒದ್ದೆ ಅಂಗಿಯಲ್ಲೇ ಇನ್ನಷ್ಟು ಒತ್ತಿ ಹಿಡಿದುಕೊಂಡರು.

ಲೋನಪ್ಪನ್: ತಮ್ಮನಿಗೆ ಹೇಳಿಕಳಿಸೋದು ಬೇಡ. ಸೋರೋರನ್ನ ಹಿಡಿಯೋಕೆ ಸೋರಿದವನೇ ಬೇಕು.