ಸುನಂದಾ ಮಲಗಿದ ಮಧ್ಯಾಹ್ನ

ನಮ್ಮ ಕಡೆ ಹಗಲು ಹೊತ್ತಿನಲ್ಲಿ ಹೆಂಗಸೊಬ್ಬಳು ಕಾಲು ನೀಡಿ ಮಲಗಬೇಕಾದರೆ ಒಂದೋ ಜ್ವರ ಬಂದಿರಬೇಕು, ಇಲ್ಲವೇ ಬಾಣಂತಿಯಾಗಿರಬೇಕು. ಮೂರನೆಯ ಕಾರಣ ಇದುವರೆಗೆ ಯಾರಿಗೂ ಹೊಳೆದಂತಿಲ್ಲ. ಗಂಡಸರ ವಿಷಯ ಬೇರೆ. ನಾನು ಹುಣಸೂರಿನ ಕಾಲೇಜೊಂದರಲ್ಲಿ ಗುಮಾಸ್ತ. ಭಾನುವಾರ ಊಟವಾದ ಮೇಲೆ ನಾನು ಗೊರಕೆ ಹೊಡೆಯುವುದು ಬೀದಿಗೆಲ್ಲ ಕೇಳಿಸಿದರೂ ಒಬ್ಬರೂ ಬಂದು ನನ್ನ ಆರೋಗ್ಯ ವಿಚಾರಿಸಿದ್ದಿಲ್ಲ. ಈ ವ್ಯತ್ಯಾಸ ನನ್ನ ಗಮನಕ್ಕೆ ಬಂದದ್ದೇ ಮೊನ್ನೆ ಮೊನ್ನೆ, ನನ್ನ ಹೆಂಡತಿ ಸುನಂದಾ ಮೈಸೂರಿನಲ್ಲಿ ನಡೆಯುವ ಭಾರ ಎತ್ತುವ ಸ್ಪರ್ಧೆಗೆ ಹೆಸರು ಕೊಟ್ಟ ಮೇಲೆ.

ಸುನಂದಾ ಅಂಗನವಾಡಿ ಟೀಚರು. ಹೋದ ವರ್ಷ ಅವಳಿಗೆ ಸೊಂಟನೋವು ಕಾಣಿಸಿಕೊಂಡು, ಬೆನ್ನು ಗಟ್ಟಿ ಮಾಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಅದೇ ಸುಮಾರಿಗೆ ನಮ್ಮ ಬೀದಿಯ ತುದಿಯಲ್ಲಿ ಹೆಂಗಸರಿಗೆಂದೇ ಒಂದು ಜಿಮ್ ಶುರುವಾಯಿತು. ನಡೆಸುವವಳು ಕೊಡಗಿನ ಹುಡುಗಿ ದೇಚಮ್ಮ, ಒಂದು ಕಾಲಕ್ಕೆ ಹಾಕಿ ಆಡಿದವಳು. ಸುನಂದಾ ಚೂಡಿದಾರಕ್ಕೆ ಪಿನ್ನು ಹಾಕಿಕೊಂಡು ಹೋಗಿ ಬರುವುದನ್ನು ನೋಡಿ, ವಾರದೊಳಗೆ ಬಿಟ್ಟಾಳು ಅಂದುಕೊಂಡೆ. ಬಿಡಲಿಲ್ಲ. ನೋವು ಹೋಯಿತು, ಎತ್ತುವ ಭಾರ ಏರುತ್ತ ಬಂತು. ಒಂದು ಸಂಜೆ ಕರೆದುಕೊಂಡು ಬರಲು ಹೋದಾಗ ದೇಚಮ್ಮ, ನಲವತ್ತು ದಾಟಿದವರ ವಿಭಾಗದಲ್ಲಿ ಆಂಟಿ ಸ್ಪರ್ಧೆಗೆ ನಿಲ್ಲಲೇಬೇಕು ಅಂದಳು. ಎಷ್ಟು ಎತ್ತುತ್ತಾಳೆ ಅಂತ ಕೇಳಿದೆ. ಅವಳು ಒಂದು ಗಳಿಗೆ ಯೋಚಿಸಿ, ನನ್ನನ್ನೇ ಮೇಲಿಂದ ಕೆಳಗೆ ನೋಡಿ, ಹೆಚ್ಚುಕಮ್ಮಿ ನಿಮ್ಮಷ್ಟು ಸಾರ್ ಅಂದಳು. ಅಲ್ಲಿದ್ದ ಹೆಂಗಸರೆಲ್ಲ ನನ್ನನ್ನು ಕಣ್ಣಿನಲ್ಲೇ ತೂಗಿದರು. ಅವತ್ತಿನಿಂದ ಮನೆಯಲ್ಲಿ ನನ್ನ ದನಿ ಸ್ವಲ್ಪ ಮೆತ್ತಗಾಗಿದೆ ಅಂತ ಕೆಲವರು ಹೇಳುತ್ತಾರೆ. ಗಂಟಲಿನ ತೊಂದರೆ ಇರಬಹುದು.

ಸ್ಪರ್ಧೆ ಹತ್ತಿರವಾದಂತೆ ಸುನಂದಾಳ ಸೊಂಟ ಮತ್ತೆ ಹಿಡಿಯತೊಡಗಿತು. ಮೊನ್ನೆ ಎತ್ತಿದ ಭಾರ ಇವತ್ತು ನೆಲ ಬಿಟ್ಟು ಏಳದು. ರಜೆಯ ದಿನ ಸರಿಯಾಗಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದೀರಾ ಎಂದು ದೇಚಮ್ಮ ಕೇಳಿದಳು. ಓಹೋ, ಧಾರಾಳವಾಗಿ ಅಂದಳು ಸುನಂದಾ. ಸುಳ್ಳೇನೂ ಅಲ್ಲ, ಅವಳ ಲೆಕ್ಕದಲ್ಲಿ ಜಿಮ್ಮಿಗೆ ಹೋಗದ ದಿನವೇ ವಿಶ್ರಾಂತಿ. ದೇಚಮ್ಮ, ಕರೆಯಲು ಬಂದಿದ್ದ ನನ್ನ ಕಡೆ ತಿರುಗಿದಾಗ ನಾನು ಹೋದ ಭಾನುವಾರದ ವಿಶ್ರಾಂತಿಯನ್ನು ವರ್ಣಿಸಿದೆ. ಬೆಳಿಗ್ಗೆ ಕಂಬಳಿ, ರಗ್ಗು ಒಗೆದದ್ದು, ಅಟ್ಟದ ಮೇಲಿನ ಪಾತ್ರೆ ಇಳಿಸಿ ಬೆಳಗಿದ್ದು, ರಾಗಿ ಮೂಟೆಯನ್ನು ಮಿಲ್ಲಿಗೆ ಸಾಗಿಸಿದ್ದು. ಆ ಮೂಟೆಗೆ ಒಂದು ಕೈ ಕೊಡಲು ನಾನು ಏಳುವಷ್ಟರಲ್ಲಿ ಅವಳೇ ಎತ್ತಿ ಸ್ಕೂಟರಿಗೆ ಹಾಕಿದ್ದನ್ನೂ ಹೆಮ್ಮೆಯಿಂದಲೇ ಹೇಳಿದೆ. ದೇಚಮ್ಮನಿಗೆ ನಗು ಬರಲಿಲ್ಲ.

"ಭಾರ ಎತ್ತಿದ ಮೈಗೆ ಸುಧಾರಿಸಿಕೊಳ್ಳೋಕೆ ಟೈಮ್ ಬೇಕು ಆಂಟಿ. ಹಿಂಗೇ ಮಾಡಿದ್ರೆ ನಿಮ್ಮ ಹೆಸರು ವಾಪಸ್ ತಗೋತೀನಿ. ಬೆನ್ನು ಹಾಳಾದ ಮೇಲೆ ಮೆಡಲ್ ಯಾವುದಕ್ಕೆ?"

ಮನೆಗೆ ಬಂದು ಚಪ್ಪಲಿ ಬಿಡುತ್ತ ಸುನಂದಾ, "ನನಗೋಸ್ಕರ ಅಂತ ಆಸೆಪಟ್ಟಿದ್ದು ಇದೊಂದೇ ಕಣ್ರೀ" ಅಂದಳು. ನಾನು ತಕ್ಷಣ, ಇನ್ನು ಮೇಲೆ ನಿನ್ನ ವಿಶ್ರಾಂತಿ ನನ್ನ ಜವಾಬ್ದಾರಿ ಎಂದು ಘೋಷಿಸಿಬಿಟ್ಟೆ.

ಮುಂದಿನ ಭಾನುವಾರ ಅವಳನ್ನು ಹಾಸಿಗೆಗೆ ಕಳಿಸಿ ಅಡುಗೆಮನೆ ನಾನು ಹಿಡಿದೆ. ಅವಳು ಮಲಗಿದಳು ನಿಜ, ಆದರೆ ಅವಳ ಕಿವಿ ಮಲಗಲಿಲ್ಲ. ಕುಕ್ಕರ್ ಕೂಗಿದರೆ ಒಳಗಿನಿಂದ ಉರಿ ಸಣ್ಣ ಮಾಡಿ ಎಂಬ ಆಜ್ಞೆ. ಒಗ್ಗರಣೆ ಸಿಡಿದರೆ ಸಾಸಿವೆ ಸೀದಿತು ಎಂಬ ವರದಿ. ಕೊನೆಗೂ ಮಾತು ನಿಂತಿತು, ನಿದ್ದೆ ಹತ್ತಿತು ಅಂತ ನಾನು ಹಿಗ್ಗುವಷ್ಟರಲ್ಲಿ ಎದುರುಮನೆಯ ಗೌರಮ್ಮ ಕಿಟಕಿಯಲ್ಲಿ ಇಣುಕಿದರು. ಹಗಲಲ್ಲಿ ಮಲಗಿದ ಸುನಂದಾಳನ್ನು ಕಂಡು ಗಾಬರಿಯಾಗಿ ಹೋದವರು, ಬನ್ನು, ಮೂಸಂಬಿ ಹಿಡಿದು ವಾಪಸಾದರು. ಬಂದವರಿಗೆ ಟೀ ಕಾಯಿಸಲು ರೋಗಿಯೇ ಎದ್ದಳು. ಸಂಜೆಯೊಳಗೆ ಬೀದಿಯ ಅರ್ಧ ಹೆಂಗಸರು ಬಂದು ಹೋದರು. ಕಡೆಗೆ ಬಂದವರು ಆಪರೇಷನ್ ಎಲ್ಲಿ ಮಾಡಿಸಿದಿರಿ ಅಂತ ಕೇಳಿದರು. ರಾತ್ರಿ ಸುನಂದಾ, ಇದಕ್ಕಿಂತ ಕಂಬಳಿ ಒಗೆಯುವುದೇ ಹಗುರವಾಗಿತ್ತು ಅಂದಳು.

ಸುದ್ದಿ ನಮ್ಮ ಹಳ್ಳಿ ಹೊಸ ಅಗ್ರಹಾರದಲ್ಲಿರುವ ನನ್ನ ಅಮ್ಮನಿಗೂ ಮುಟ್ಟಿ, ಮುಂದಿನ ರಜೆಯ ದಿನ ಅವಳು ಸೊಪ್ಪಿನ ಚೀಲ ಹಿಡಿದುಕೊಂಡು ಬಸ್ಸಿಳಿದಳು. ಅಮ್ಮ ಹೊತ್ತು ಹುಟ್ಟುವ ಮೊದಲೇ ಗದ್ದೆಗಿಳಿದು ಬದುಕಿದವಳು. ಸೊಸೆ ಆರಾಮವಾಗಿ ಮಲಗಿರುವುದನ್ನು ಕಂಡು ಏನು ಅನ್ನುತ್ತಾಳೋ ಎಂದು ನಾನು ಸ್ನಾಯು, ವಿಶ್ರಾಂತಿ ಅಂತ ಪಾಠ ಶುರುಮಾಡಿದೆ. ಅಮ್ಮ ನನ್ನತ್ತ ನೋಡಲೂ ಇಲ್ಲ. ಹಾಸಿಗೆಯಿಂದ ಏಳಹೊರಟ ಸುನಂದಾಳ ಭುಜ ಹಿಡಿದು, ಕಾಯಿಲೆಯೇನೂ ಇಲ್ಲವಲ್ಲ ಎಂದು ವಿಚಾರಿಸಿದಳು. ಇಲ್ಲ ಅತ್ತೆ, ಮೈ ದಣಿದಿದೆ ಅಷ್ಟೇ ಅಂದಳು ಸುನಂದಾ.

ಅಮ್ಮ ಸೊಪ್ಪಿನ ಚೀಲವನ್ನು ಗೋಡೆಗೆ ಒರಗಿಸಿ ಮಂಚದ ತುದಿಯಲ್ಲಿ ಕೂತಳು. ಆಮೇಲೆ ಅಂದಳು: "ದಣಿವಾಯ್ತದೆ ಅಂತ ಬಾಯ್ಬುಟ್ಟು ಯೋಳ್ಬೋದು ಅಂತ್ಲೇ ನಮ್ಗೆ ಗೊತ್ತಿರ್ನಿಲ್ಲ ಕಣವ್ವ. ಒಸಿ ಅತ್ಲಾಗೆ ಸರ್ಕೊ."

ಸುನಂದಾ ಗೋಡೆಯ ಕಡೆ ಸರಿದಳು. ಅಮ್ಮ ಅವಳ ಪಕ್ಕದಲ್ಲಿ ಸೆರಗು ಹೊದ್ದು ಮಲಗಿದಳು. ನಾನು ಅನ್ನಕ್ಕೆ ಇಟ್ಟು ಬಂದು ನೋಡುವಷ್ಟರಲ್ಲಿ ಇಬ್ಬರಿಗೂ ನಿದ್ದೆ. ಅಮ್ಮನ ಬಿರುಕುಬಿಟ್ಟ ಅಂಗಾಲುಗಳು ಮಂಚದ ಆಚೆಗೆ ಚಾಚಿಕೊಂಡಿದ್ದವು. ಈ ವಯಸ್ಸಿನವರೆಗೆ ಅವಳನ್ನು ಹಗಲು ನಿದ್ದೆಯಲ್ಲಿ ನಾನು ಕಂಡಿರಲೇ ಇಲ್ಲ. ಕಿಟಕಿಯ ಪರದೆ ಎಳೆದು ಬಾಗಿಲಲ್ಲಿ ಹೋಗಿ ಕೂತೆ. ಯಾರೋ ಬಂದರು, ಬೆರಳು ತುಟಿಗಿಟ್ಟು ಕಳಿಸಿದೆ. ಒಳಗೆ ಅನ್ನ ತಳ ಹಿಡಿಯುವ ವಾಸನೆ ಬಂತು. ಸದ್ದಾದೀತೆಂದು ಏಳಲಿಲ್ಲ.

ಸ್ಪರ್ಧೆ ಮುಗಿಯುವವರೆಗೂ ಅಮ್ಮ ನಮ್ಮಲ್ಲೇ ಉಳಿದಳು. ರಜೆಯ ದಿನ ಬಂದರೆ ಅತ್ತೆ ಸೊಸೆ ಊಟ ಮುಗಿಸಿ ಕದ ಹಾಕಿಕೊಳ್ಳುತ್ತಿದ್ದರು. ಸುನಂದಾಳ ಸೊಂಟ ಸಡಿಲವಾಯಿತು, ನಿಂತುಹೋಗಿದ್ದ ಭಾರ ಮತ್ತೆ ಮೇಲೆದ್ದಿತು. ಮೈಸೂರಿನಲ್ಲಿ ಅವಳು ಕಬ್ಬಿಣದ ಸರಳಿನ ಮುಂದೆ ನಿಂತಾಗ ನಾನು ಕಣ್ಣು ಮುಚ್ಚಿಕೊಂಡೆ. ಚಪ್ಪಾಳೆ ಕೇಳಿ ತೆರೆದೆ. ಅವಳು ನೆಟ್ಟಗೆ ನಿಂತಿದ್ದಳು, ಭಾರ ಕೈಯಲ್ಲಿತ್ತು. ಎರಡನೆಯ ಸ್ಥಾನ ಬಂತು. ದೇಚಮ್ಮ ಅವಳನ್ನು ತಬ್ಬಿಕೊಂಡು ಮೊದಲು ಕೇಳಿದ್ದು, ಬೆನ್ನು ಹೇಗಿದೆ ಆಂಟಿ ಅಂತ. ಚೆನ್ನಾಗಿದೆ ಅನ್ನುವಾಗ ಸುನಂದಾಳ ಕಣ್ಣಲ್ಲಿ ನೀರಿತ್ತು.

ವಾಪಸು ಬರುವಾಗ ಕುಶಾಲನಗರದ ಬಸ್ಸು ಹತ್ತಿದೆವು. ಬಿಳಿಕೆರೆ ಬರುವ ಮೊದಲೇ ಅವಳು ನನ್ನ ಹೆಗಲಿಗೆ ಒರಗಿ ನಿದ್ದೆಹೋದಳು. ಹುಣಸೂರು ಬಂತು. ಕಂಡಕ್ಟರು ಇಳೀರಿ ಅಂದ. ನಾನು ದನಿ ತಗ್ಗಿಸಿ ಪಿರಿಯಾಪಟ್ಟಣಕ್ಕೆ ಎರಡು ಟಿಕೆಟ್ ಕೊಡಪ್ಪ ಅಂದೆ. ಅವನು ಅವಳನ್ನೂ ನನ್ನನ್ನೂ ನೋಡಿ, ಸದ್ದಿಲ್ಲದೆ ಟಿಕೆಟ್ ಹರಿದುಕೊಟ್ಟ. ಪಿರಿಯಾಪಟ್ಟಣದಲ್ಲಿ ಎಚ್ಚರವಾದ ಸುನಂದಾ ಇದು ಯಾವೂರು ಎಂದು ಕಣ್ಣುಜ್ಜಿಕೊಂಡಳು. ನನಗೂ ನಿದ್ದೆ ಹತ್ತಿಬಿಡ್ತು, ಊರು ದಾಟಿದ್ದೇ ಗೊತ್ತಾಗಲಿಲ್ಲ ಅಂದೆ. ಅವಳು ನನ್ನ ಕೈಯಲ್ಲಿದ್ದ ಹೊಸ ಟಿಕೆಟ್ಟುಗಳನ್ನು ನೋಡಿದಳು.

"ನಿದ್ದೇಲೇ ತಗೊಂಡ್ರಾ ಇದನ್ನ?"

ಹುಣಸೂರಿಗೆ ಹೊರಟ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಅವಳ ತಲೆ ಹೊತ್ತು ಜೋಮು ಹಿಡಿದಿದ್ದ ನನ್ನ ತೋಳು ಮೇಲಕ್ಕೇ ಏಳಲಿಲ್ಲ, ಇನ್ನೊಂದು ಕೈಯಲ್ಲಿ ಚೀಲ. ಸುನಂದಾ ಮೇಲಿನ ಕಂಬಿ ಹಿಡಿದು ನಿಂತಳು, ಇನ್ನೊಂದು ಕೈಯಲ್ಲಿ ನನ್ನ ಅಂಗಿಯ ಕಾಲರು ಹಿಡಿದಳು. ಡ್ರೈವರ್ ಬ್ರೇಕು ಒತ್ತಿದಾಗಲೆಲ್ಲ ಸುತ್ತಲಿನವರು ಮುಗ್ಗರಿಸುತ್ತಿದ್ದರು. ನಾನೊಬ್ಬ ಮಾತ್ರ, ತೂಗುಹಾಕಿದ ಹಾಗೆ, ಇದ್ದಲ್ಲೇ ಇದ್ದೆ.