ಡಿಮ್ ಸಮ್‌ಗೆ ಸಿಪ್ಪೆ ಇಲ್ಲ

ನಮ್ಮ ಹೋಟೆಲಲ್ಲಿ ಒಂದು ದಿನವಾದ್ರೂ ಎಂತದೂ ಆಗದೆ ಶಟರ್ ಎಳೆದದ್ದು ನನಗೆ ನೆನಪಿಲ್ಲ. ಮೂಡುಬಿದಿರೆಯಲ್ಲಿ ಚೈನೀಸ್ ಹೋಟೆಲ್ ಇಟ್ಟರೆ ಹಾಗೇ ಆಗುವುದು.

ನಾನು ಅಲ್ಲಿ ಸಪ್ಲೈಯರ್. ಅದಕ್ಕೆ ಮೊದಲು ಇಂಜಿನಿಯರಿಂಗ್ ಓದ್ತಿದ್ದೆ. ನಾನು ಕಾಲೇಜು ಬಿಟ್ಟದ್ದಾ, ಕಾಲೇಜು ನನ್ನನ್ನು ಬಿಟ್ಟದ್ದಾ ಅಂತ ಮನೆಯಲ್ಲಿ ಇನ್ನೂ ಚರ್ಚೆ ಉಂಟು. ನಮ್ಮ ಧಣಿ ಶಾರ್ಜಾದ ಚೈನೀಸ್ ಹೋಟೆಲಲ್ಲಿ ತುಂಬಾ ವರ್ಷ ದುಡಿದವರು. ಎಲ್ಲರೂ ಗಲ್ಫಿಂದ ಸೆಂಟು, ಕಂಬಳಿ ತರ್ತಾರೆ, ಇವರು ತಂದದ್ದು ಬಿದಿರಿನ ಹಬೆ ಬುಟ್ಟಿ. ಅದರಲ್ಲಿ ಡಿಮ್ ಸಮ್ ಬೇಯಿಸ್ಲಿಕ್ಕೆ ಡಾರ್ಜಿಲಿಂಗ್ ಕಡೆಯ ಒಬ್ಬ ಅಡುಗೆಯವರನ್ನೂ ಕರೆಸಿದ್ರು. ಅವರನ್ನು ನಾವೆಲ್ಲ ದಾಜು ಅಂತ ಕರೆಯುವುದು, ಅವರ ಭಾಷೆಯಲ್ಲಿ ಅಣ್ಣ ಅಂತ.

ಡಿಮ್ ಸಮ್ ಅಂದ್ರೆ ತೆಳು ಹಿಟ್ಟಿನ ಹಾಳೆಯೊಳಗೆ ಕೋಳಿ ಇಟ್ಟು, ಮೇಲೆ ನೆರಿಗೆ ಹಿಡಿದು ಬೇಯಿಸುವ ಪುಟ್ಟ ಕಡುಬು. ದಾಜು ಒಂದೊಂದಕ್ಕೆ ಹದಿನೆಂಟು ನೆರಿಗೆ ಹಿಡೀತಾರೆ, ನಮ್ಮ ಅಮ್ಮನ ಸೀರೆಗೂ ಅಷ್ಟಿಲ್ಲ. ನಾನು ಮಾಡಿದ ಮೊದಲ ಡಿಮ್ ಸಮ್ ಪಂಕ್ಚರ್ ಆದ ಟಯರಿನ ಹಾಗೆ ಇತ್ತು. ದಾಜು ಅದನ್ನು ಬಿಸಾಡದೆ ತಾನೇ ತಿಂದು, "ನಾಳೆ ಇನ್ನೂ ಚಂದ ಬರ್ತದೆ" ಅಂದ್ರು. ನನ್ನ ಇಷ್ಟು ವರ್ಷದ ಓದಿನಲ್ಲಿ ನನ್ನ ತಪ್ಪು ಉತ್ತರವನ್ನು ಯಾರೂ ತಿಂದದ್ದಿಲ್ಲ.

ಸಿಪ್ಪೆ

ಮೊದಲ ಸಲ ಡಿಮ್ ಸಮ್ ಆರ್ಡರ್ ಮಾಡಿದ್ದು ಬಂಟ್ವಾಳದ ಒಂದು ಕುಟುಂಬ. ಅಜ್ಜಿ, ಮಗ, ಸೊಸೆ. ಬುಟ್ಟಿಯ ಮುಚ್ಚಳ ತೆಗೆದ ಕೂಡ್ಲೆ ಅಜ್ಜಿಗೆ ಖುಷಿಯೋ ಖುಷಿ. "ಓ, ಹಬೆಯಲ್ಲಿ ಬೇಯಿಸಿದ್ದು! ನಮ್ಮ ಮೂಡೆಯ ಹಾಗೇ ಉಂಟಲ್ಲ."

ನಾನು ಸಾಸ್ ತರ್ಲಿಕ್ಕೆ ಒಳಗೆ ಹೋದೆ. ವಾಪಸ್ ಬಂದಾಗ ಮೂವರೂ ಡಿಮ್ ಸಮ್ಮನ್ನು ಉಗುರಲ್ಲಿ ಸುಲೀತಿದ್ರು! ಹಿಟ್ಟಿನ ಹಾಳೆಯನ್ನು ಮೂಡೆ ಕಡುಬಿನ ಎಲೆ ಬಿಡಿಸಿದ ಹಾಗೆ ಬಿಡಿಸಿ, ಬದಿಗೆ ಒಟ್ಟಿ, ಒಳಗಿನ ಕೋಳಿ ಮಾತ್ರ ತಿಂತಿದ್ದಾರೆ.

"ಹೇಗುಂಟು ಅಜ್ಜಿ?" ಅಂತ ಕೇಳಿದೆ.

"ಒಳಗಿನದ್ದು ಭಾರೀ ಲಾಯ್ಕ್. ಸಿಪ್ಪೆ ಮಾತ್ರ ಅಂಟ್ತದೆ ಮಗಾ. ಸ್ವಲ್ಪ ಎಣ್ಣೆ ಪಸೆ ಮಾಡ್ಲಿಕ್ಕೆ ಹೇಳು."

ಪ್ಲೇಟ್ ಒಳಗೆ ಹೋಯ್ತು. ದಾಜು ಆ ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿದ್ರು. ನೆರಿಗೆ ಒಂದೂ ಹಾಳಾಗಿರಲಿಲ್ಲ. ಅಷ್ಟು ಜಾಗ್ರತೆಯಲ್ಲಿ ಸುಲಿದಿದ್ರು ಅಜ್ಜಿ.

ಒಂದು ತಿಂಗಳು ಹೀಗೇ ಆಯ್ತು. ಯಾರು ಬಂದ್ರೂ ಸುಲಿಯುವುದೇ. "ಸುಲೀಬೇಡಿ" ಅಂತ ನಾನು ಹೇಳಿದ್ರೆ, "ನಿನಗೆ ಜಾಸ್ತಿ ಗೊತ್ತುಂಟಾ, ನಮಗಾ" ಅಂತ ನನ್ನನ್ನೇ ಕೇಳುವುದು. ಕಡೆಗೆ ಧಣಿ ಹೇಳಿದ್ರು, "ಕೃಷ್ಣಾಷ್ಟಮಿವರೆಗೆ ನೋಡುವ ಮಾರಾಯ. ಆಮೇಲೂ ಹೀಗೇ ಆದ್ರೆ ಈ ಬುಟ್ಟಿ ತೆಗೆದು ಕೋಳಿ ಸುಡುವ ಶವರ್ಮಾದ ಕಂಬ ನಿಲ್ಲಿಸುವ. ದಾಜುವಿಗೆ ಊರಿಗೆ ಟಿಕೆಟ್ ಮಾಡಿಸುವ."

ಮರುದಿನವೇ ಶವರ್ಮಾದ ಕಂಬ ಬಂತು. ನಮ್ಮ ಧಣಿಗೆ ಕಾಯುವ ಅಭ್ಯಾಸ ಸ್ವಲ್ಪ ಕಮ್ಮಿ.

ಬುಟ್ಟಿ

ಮುಂಡಾಜೆಯ ಒಬ್ಬರು ಅಕ್ಕ ಬಂದು ಮೂರು ಪ್ಲೇಟ್ ಡಿಮ್ ಸಮ್ ಹೇಳಿದ್ರು. ಒಬ್ಬರೇ, ಮೂರು ಪ್ಲೇಟ್! ನಾನು ಒಳಗೆ ಓಡಿ ದಾಜುವಿಗೆ ಹೇಳಿದೆ. ಅವರು ಆ ದಿನ ಹಾಡು ಗುನುಗ್ತಾ ನೆರಿಗೆ ಹಿಡಿದ್ರು.

ಸ್ವಲ್ಪ ಹೊತ್ತಿನಲ್ಲಿ ನೋಡಿದ್ರೆ ಅಕ್ಕ ಇಲ್ಲ. ಬಿಲ್ಲಿನ ಹಣ ಟೇಬಲ್ ಮೇಲೆ ಉಂಟು. ಡಿಮ್ ಸಮ್ ಎಲ್ಲ ಪ್ಲೇಟಿನಲ್ಲಿ ಸಾಲಾಗಿ ಉಂಟು. ಬುಟ್ಟಿ ಮೂರೂ ಇಲ್ಲ!

ನಾನು ಬಸ್‌ಸ್ಟ್ಯಾಂಡಿಗೆ ಓಡಿದೆ. ಅಕ್ಕ ಬೆಳ್ತಂಗಡಿ ಬಸ್ಸಿನ ಕಿಟಕಿ ಪಕ್ಕ ಕೂತಿದ್ರು, ಮಡಿಲಲ್ಲಿ ಬುಟ್ಟಿ.

"ಅಕ್ಕಾ, ಬುಟ್ಟಿ ನಮ್ಮದು!"

"ಹಣ ಕೊಟ್ಟಿದ್ದೇನಲ್ಲ. ಮಲ್ಲಿಗೆ ಇಡ್ಲಿಕ್ಕೆ ಭಾರೀ ಒಳ್ಳೇದುಂಟು ಇದು."

"ಹಣ ತಿಂಡಿಗೆ ಅಕ್ಕಾ."

"ತಿಂಡಿ ನಾನು ಮುಟ್ಟಲೇ ಇಲ್ಲ ಮಾರಾಯ! ಅಲ್ಲೇ ಉಂಟು, ಬೇಕಾದ್ರೆ ಎಣಿಸಿ ನೋಡು."

ಬಸ್ ಹೊರಟಿತು. ಬರಿಗೈಯಲ್ಲಿ ಬಂದು ಧಣಿಗೆ ವಿಷಯ ಹೇಳಿದೆ. ಅವರು ಸ್ವಲ್ಪ ಯೋಚನೆ ಮಾಡಿ ಹೇಳಿದ್ರು, "ಬುಟ್ಟಿಗಾದ್ರೂ ಗಿರಾಕಿ ಉಂಟಲ್ಲ."

ದಾಜು ಬಾಗಿಲಿಂದ ಇಣುಕಿ, "ಮೂರು ಪ್ಲೇಟೂ ಖಾಲಿಯಾ?" ಅಂತ ಕೇಳಿದ್ರು. ಹೌದು ಅಂದೆ. ಆಮೇಲೆ ಹಿಂದಿನ ಮೆಟ್ಟಿಲಲ್ಲಿ ಕೂತು ಮೂರು ಪ್ಲೇಟೂ ನಾನೇ ಖಾಲಿ ಮಾಡಿದೆ. ಆ ಸುಳ್ಳು ನನ್ನ ಹೊಟ್ಟೆಯಲ್ಲಿ ಎರಡು ದಿನ ಇತ್ತು.

ಸರ್

ಒಂದು ಮಧ್ಯಾಹ್ನ ಥರ್ಮೋಡೈನಮಿಕ್ಸ್ ಕಲಿಸುವ ಸರ್ ಬಂದ್ರು. ಅಡಗ್ಲಿಕ್ಕೆ ಜಾಗ ಇರಲಿಲ್ಲ.

"ನಿನ್ನನ್ನು ಎಲ್ಲೋ ನೋಡಿದ ಹಾಗೆ ಉಂಟು."

"ನಾನು ನಿಮ್ಮ ಕ್ಲಾಸಲ್ಲಿ ಇದ್ದೆ ಸರ್."

"ಕ್ಲಾಸಲ್ಲಿ ನೋಡಿದ ನೆನಪಿಲ್ಲ."

"ಅದು ಸರಿ ಸರ್, ನಾನು ಬರ್ತಿರಲಿಲ್ಲ."

ಸರ್ ನಕ್ಕುಬಿಟ್ರು. ಬುಟ್ಟಿ ತಂದಿಟ್ಟಾಗ, "ಒಳಗೆ ಇಷ್ಟು ಹಬೆ ಇದ್ರೂ ಇದು ಯಾಕೆ ಒಡೆಯುವುದಿಲ್ಲ?" ಅಂತ ಕೇಳಿದ್ರು. ಹಿಟ್ಟು ಹೇಗೆ ಹಿಗ್ತದೆ, ನೆರಿಗೆಯ ಸಂದಿಯಿಂದ ಹಬೆ ಹೇಗೆ ಹೊರಗೆ ಹೋಗ್ತದೆ, ದಾಜು ಕಲಿಸಿದ್ದನ್ನೆಲ್ಲ ಪಟಪಟ ಹೇಳಿದೆ.

"ಪರೀಕ್ಷೆಯಲ್ಲಿ ಇಷ್ಟು ಬರೆದಿದ್ರೆ ನೀನು ಪಾಸ್ ಮಾರಾಯ!" ಅಂತ ಸರ್ ನನ್ನ ಬೆನ್ನು ತಟ್ಟಿದ್ರು. ನನಗೆ ಕಣ್ಣು ತುಂಬಿ ಬಂತು.

ಹಾಗೆ ಹೇಳಿ ಸರ್ ತಣ್ಣಗೆ ಸಿಪ್ಪೆ ಸುಲೀಲಿಕ್ಕೆ ಸುರು ಮಾಡಿದ್ರು.

ಅಮ್ಮ

ನಮ್ಮ ಮನೆ ಬಂಟ್ವಾಳದ ಹತ್ತಿರ. ಅಮ್ಮ ಬೀಡಿ ಕಟ್ಟುವವರು. ನಾನು ಕಾಲೇಜು ಬಿಟ್ಟ ಸಿಟ್ಟಿಗೆ ಒಂದು ದಿನವೂ ಹೋಟೆಲಿಗೆ ಬಂದವರಲ್ಲ. ಯಾರಾದ್ರೂ ಕೇಳಿದ್ರೆ, "ಮಗ ಮೂಡುಬಿದಿರೆಯಲ್ಲಿ ಇದ್ದಾನೆ" ಅನ್ನುವುದು. ಅದು ಸುಳ್ಳೂ ಅಲ್ಲವಲ್ಲ.

ಅಷ್ಟಮಿಗೆ ಒಂದು ವಾರ ಇರುವಾಗ, ದಾಜುವನ್ನು ಕಳಿಸ್ತಾರಂತೆ ಅಂತ ಅಮ್ಮನ ಹತ್ತಿರ ಹೇಳಿದೆ. ಹೇಳಿದ್ದನ್ನೇ ಮೂರು ಸಲ ಹೇಳಿದೆನಂತೆ. ಮರುದಿನ ಬೆಳಿಗ್ಗೆ ಅಮ್ಮ ಬಸ್ ಹತ್ತಿ ಬಂದು, ಯಾರನ್ನೂ ಕೇಳದೆ ಸೀದಾ ಅಡುಗೆ ಮನೆಗೆ ನುಗ್ಗಿದ್ರು.

ದಾಜು ನೆರಿಗೆ ಹಿಡಿಯುವುದನ್ನು ಎರಡು ನಿಮಿಷ ನೋಡಿದ್ರು. ಆಮೇಲೆ ಕೈ ತೊಳೆದು ಪಕ್ಕದಲ್ಲೇ ಕೂತ್ರು. ಮೂವತ್ತು ವರ್ಷ ಬೀಡಿಯ ಬಾಯಿ ಮಡಚಿದ ಬೆರಳು. ದಾಜು ಒಂದು ಮುಗಿಸುವಾಗ ಅಮ್ಮನದ್ದು ಎರಡು! ದಾಜು ಬಾಯಿ ತೆರೆದು ನೋಡ್ತಾ ಕೂತ್ರು. ಅಮ್ಮನಿಗೆ ಹಿಂದಿ ಬರುವುದಿಲ್ಲ, ದಾಜುವಿಗೆ ತುಳು ಬರುವುದಿಲ್ಲ. ಇಬ್ಬರೂ ನನ್ನನ್ನು ತೋರಿಸಿ ತಲೆ ಅಲ್ಲಾಡಿಸಿ ನಕ್ಕದ್ದು ಮಾತ್ರ ನನಗೆ ಸರಿಯಾಗಿ ಅರ್ಥ ಆಯ್ತು.

ಅಷ್ಟರಲ್ಲಿ ಸಿಪ್ಪೆಯ ಪ್ಲೇಟ್ ಒಂದು ವಾಪಸ್ ಬಂತು. ಅಮ್ಮ ಅದನ್ನು ನೋಡಿ ಧಣಿಗೆ ಹೇಳಿದ್ರು, "ಜನರದ್ದು ತಪ್ಪಲ್ಲ. ಹಬೆಯಲ್ಲಿ ಬೆಂದದ್ದು ಕಂಡ್ರೆ ನಮ್ಮವರ ಕೈ ಸುಲೀಲಿಕ್ಕೇ ಹೋಗುವುದು. ಅವರಿಗೆ ಸುಲೀಲಿಕ್ಕೆ ಏನಾದ್ರೂ ಕೊಡಿ."

ಆ ದಿನದಿಂದ ಒಂದೊಂದು ಡಿಮ್ ಸಮ್‌ಗೂ ಬಾಡಿಸಿದ ಬಾಳೆ ಎಲೆಯ ಚೂರು ಸುತ್ತಿ ಕೊಟ್ಟೆವು. ಬಂಟ್ವಾಳದ ಅಜ್ಜಿ ಪುನಃ ಬಂದ್ರು. ಎಲೆ ಬಿಡಿಸಿದ್ರು, ಡಿಮ್ ಸಮ್ ಇಡೀ ಬಾಯಿಗೆ ಹಾಕಿದ್ರು. ದಾಜು ಬಾಗಿಲ ಸಂದಿಯಲ್ಲಿ ಉಸಿರು ಹಿಡಿದು ನಿಂತಿದ್ರು.

"ಹಾಂ, ಈಗ ಸರಿಯಾಯ್ತು ನೋಡು," ಅಂದ್ರು ಅಜ್ಜಿ. "ಮೊದಲು ನಿಮ್ಮವರಿಗೆ ಮಾಡ್ಲಿಕ್ಕೇ ಗೊತ್ತಿರಲಿಲ್ಲ."

ಟಿಕೆಟಿನ ಸುದ್ದಿ ನಿಂತಿತು. ಶವರ್ಮಾದ ಕಂಬದಲ್ಲಿ ಈಗ ನಾವು ಒದ್ದೆ ಕೊಡೆ ನೇತು ಹಾಕುವುದು.

ಅಷ್ಟಮಿಯ ಮರುದಿನ ಅಮ್ಮ ದಾಜುವನ್ನು ಊಟಕ್ಕೆ ಕರೆದ್ರು. ಬಿಸಿ ಬಿಸಿ ಮೂಡೆ, ಕೋಳಿ ಸಾರು. ಮೂಡೆ ಅಂದ್ರೆ ಕೇದಗೆ ಜಾತಿಯ ಉದ್ದ ಎಲೆಯನ್ನು ಸುತ್ತಿ ಸುತ್ತಿ ಕೊಳವೆ ಮಾಡಿ, ಅದರಲ್ಲಿ ಹಿಟ್ಟು ಹುಯ್ದು ಬೇಯಿಸುವುದು. ಆ ಎಲೆ ಗಟ್ಟಿ ಅಂದ್ರೆ ಗಟ್ಟಿ, ನಮ್ಮ ದನವೂ ಮೂಸಿ ಬಿಡ್ತದೆ.

ದಾಜು ಮೂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದ್ರು. ಸಾರಿನಲ್ಲಿ ಅದ್ದಿದ್ರು. ಎಲೆ ಸಮೇತ ಕಚ್ಚಿದ್ರು!

"ದಾಜು, ಅದು ಎಲೆ! ಬಿಡಿಸಿ ತಿನ್ನಬೇಕು!" ನಾನು ಬೊಬ್ಬೆ ಹಾಕಿದೆ.

ದಾಜು ಅಗೀತಾ ಅಗೀತಾ, ಕಣ್ಣಲ್ಲಿ ನೀರು ತುಂಬಿಸಿಕೊಂಡು ಹೇಳಿದ್ರು, "ಗೊತ್ತು. ಬಾಳೆ ಎಲೆ ಆದ್ರೆ ಸುಮ್ಮನೆ ಸುತ್ತುವುದು. ಇದನ್ನು ಅಮ್ಮ ಕೈಯಲ್ಲಿ ಇಷ್ಟು ಚಂದ ಮಾಡಿದ್ದಾರೆ. ಪ್ಲೇಟಲ್ಲಿ ಬಿಟ್ರೆ ಮಾಡಿದವರಿಗೆ ಹೇಗಾಗ್ತದೆ ಅಂತ ನನಗಲ್ಲದೆ ಇನ್ಯಾರಿಗೆ ಗೊತ್ತು?"

ಅಮ್ಮನಿಗೆ ಅದನ್ನು ತುಳುವಿನಲ್ಲಿ ಹೇಳಿದೆ. ಅಮ್ಮ ಸೆರಗಲ್ಲಿ ಕಣ್ಣು ಒರೆಸಿಕೊಂಡ್ರು. ಆಮೇಲೆ ಪ್ರೀತಿಯಲ್ಲಿ ದಾಜುವಿನ ಬಟ್ಟಲಿಗೆ ಇನ್ನೂ ಎರಡು ಮೂಡೆ ಹಾಕಿದ್ರು. ಎಲೆ ಸಮೇತ.