ಎರಡನೆಯ ಸಾಲಿಗೆ ನಾನು ಮಾಡಿದ ಉಪಕಾರ

ಮಕ್ಕಳ ಓದಿಗೆ ನೆರವಾಗುವ ತಂದೆಗೆ ಈ ಲೋಕದಲ್ಲಿ ಮರ್ಯಾದೆಯೇ ಇಲ್ಲ ಸ್ವಾಮಿ! ಬೇಕಿದ್ದರೆ ತುಮ್ಮನಟ್ಟಿಯ ಟೀ ಬೆಳೆಗಾರ ಮಹಾಲಿಂಗಂ, ಅಂದರೆ ನನ್ನನ್ನೇ ನೋಡಿ.

ನನ್ನ ಮಗಳು ಸರಣ್ಯಾಗೆ ಊಟಿಯ ದೊಡ್ಡ ಶಾಲೆಯೊಂದರಲ್ಲಿ ಫೀಸಿಲ್ಲದೆ ಸೀಟು ಸಿಕ್ಕಿತ್ತು. ಪ್ಲಸ್ ಟೂ ಅಲ್ಲ, ಅಂತಾರಾಷ್ಟ್ರೀಯ ಡಿಪ್ಲೊಮಾ! ಆರು ವಿಷಯ, ಒಂದೊಂದಕ್ಕೂ ಹೆಚ್ಚೆಂದರೆ ಏಳೇ ಅಂಕ. (ನಾನು ಹತ್ತನೇ ತರಗತಿಯ ಗಣಿತದಲ್ಲೇ ಅದಕ್ಕಿಂತ ಹೆಚ್ಚು ತೆಗೆದಿದ್ದೆ. ಹನ್ನೊಂದು.) ಜೊತೆಗೆ ತಾವೇ ಏನಾದರೂ ಪ್ರಯೋಗ ಮಾಡಿ ನಾಲ್ಕು ಸಾವಿರ ಪದಗಳ ಪ್ರಬಂಧ ಬರೆಯಬೇಕು. ಅದಕ್ಕೂ ಇನ್ನೊಂದು ಬರಹಕ್ಕೂ ಸೇರಿ ಮೂರು ಅಂಕ; ಪ್ರಬಂಧ ಕೊಡದಿದ್ದರೆ ಡಿಪ್ಲೊಮಾ ಇಲ್ಲ.

ಸರಣ್ಯಾ ನಮ್ಮ ತೋಟದಲ್ಲೇ ಎರಡು ಸಾಲು ಟೀ ಗಿಡ ಆರಿಸಿಕೊಂಡಳು. ಮೊದಲನೆಯದಕ್ಕೆ ಯೂರಿಯಾ, ಎರಡನೆಯದಕ್ಕೆ ಬರೀ ಸಗಣಿ ಗೊಬ್ಬರ. ಹದಿನೈದು ದಿನಕ್ಕೊಮ್ಮೆ ಚಿಗುರು ಕಿತ್ತು, ತೂಗಿ, ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಎರಡನೆಯ ಸಾಲು ಪ್ರತಿ ಸಲವೂ ಹಿಂದೆ! ಮಗಳ ಗಿಡ ಸೋತರೆ ಮಗಳು ಗೆಲ್ಲುವುದುಂಟೆ? ಅಲ್ಲದೆ ಹಸಿದ ಟೀ ಗಿಡವನ್ನು ನೋಡಿಕೊಂಡು ಸುಮ್ಮನಿರುವ ಜಾತಿ ನಮ್ಮದಲ್ಲ.

ಅವಳು ಬಸ್ಸು ಹತ್ತಿದ ಮೇಲೆ ಬೆಳಿಗ್ಗೆ ಬೆಳಿಗ್ಗೆಯೇ ಎರಡನೆಯ ಸಾಲಿಗೂ ಹಿಡಿ ಹಿಡಿ ಯೂರಿಯಾ ದಾನ ಮಾಡಿದೆ. ಒಂದೇ ತಿಂಗಳು! ಗಿಡಗಳು ಮದುವೆ ಮನೆಯ ಹುಡುಗಿಯರ ಹಾಗೆ ಸಿಂಗರಿಸಿಕೊಂಡು ನಿಂತವು.

"ಅಪ್ಪಾ, ಸಗಣಿ ಗೊಬ್ಬರ ಯೂರಿಯಾನ ಸೋಲಿಸ್ತು!" ಎಂದು ಕುಣಿಯುತ್ತಾ ಬಂದಳು ಸರಣ್ಯಾ.

ನಾನು ಮೀಸೆ ತಿರುವುವಷ್ಟರಲ್ಲಿ ಹೆಂಡತಿ ಮಲ್ಲಿ ಒಳಗಿನಿಂದ ಕೂಗಿದಳು: "ಯೂರಿಯಾ ಚೀಲ ಅರ್ಧ ಖಾಲಿ ಆಗಿದೆಯಲ್ಲಾ, ಒಂದು ಸಾಲಿಗೆ ಅಷ್ಟು ಬೇಕಾ?"

"ಗಿಡ ಬಾಡಿತ್ತು ಮಲ್ಲಿ... ಎನ್ನ ಮಗಳು ಫೇಲಾದರೆ ಅಂತ..."

"ಗಿಡಕ್ಕೆ ಪರೀಕ್ಷೆ ಅಂದ್ಕೊಂಡ್ರಾ ನೀವು?"

ಸರಣ್ಯಾ ಅಲ್ಲೇ ಕುಸಿದು ಕೂತು ಅತ್ತಳು. "ಇನ್ನು ಹತ್ತೇ ದಿನ ಇದೆ ಅವ್ವೆ! ಪ್ರಬಂಧ ಇಲ್ಲದೆ ಡಿಪ್ಲೊಮಾ ಎಲ್ಲಿಂದ ಬರುತ್ತೆ?"

ಎರಡು ವರ್ಷದ ಅವಳ ಓದನ್ನು ನಾನು ಹಿಡಿ ಹಿಡಿಯಾಗಿ ಚೆಲ್ಲಿದ್ದೆ. ಮರುದಿನ ಮದುವೆಗೆ ಹೊದೆಯುವ ಶಾಲು ಹೊದ್ದು, ಅವಳ ಮೇಷ್ಟ್ರು ಚಂದ್ರನ್ ಅವರ ಮುಂದೆ ತಪ್ಪಿತಸ್ಥನಂತೆ ನಿಂತೆ. "ಸಾರ್, ಶಿಕ್ಷೆ ನಂಗೆ ಕೊಡಿ, ಹುಡುಗೀನ ಬಿಡಿ."

ಚಂದ್ರನ್ ನಕ್ಕುಬಿಟ್ಟರು. "ಏನಾಯ್ತೋ ಹಾಗೇ ಬರೀಲಿ. ನೀವು ಕೈ ಹಾಕೋ ಮೊದಲಿನ ಲೆಕ್ಕ ಸರಿಯಾಗೇ ಇದೆ. ಆಮೇಲಿಂದು ಯಾಕೆ ಕೆಟ್ಟಿತು ಅಂತ ಹೇಳಲಿ. ಗಿಡ ಗೆಲ್ಲೋದು ಮುಖ್ಯ ಅಲ್ಲ ಸಾರ್, ನಿಜ ಹೇಳೋದು ಮುಖ್ಯ."

ಅಬ್ಬಾ! ಬಸ್ ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ಮೂರು ಪ್ಲೇಟ್ ಬಜ್ಜಿ ತಿಂದೆ.

ಮುಂದಿನ ಜುಲೈಯಲ್ಲಿ ಫಲಿತಾಂಶ ಬಂತು. ನಲವತ್ತೈದಕ್ಕೆ ಮೂವತ್ತಾರು! ಪ್ರಬಂಧಕ್ಕೆ ಎ ಗ್ರೇಡ್! ಅದರಲ್ಲಿ ನನ್ನ ಪ್ರಸ್ತಾಪವೂ ಇದೆಯೆಂದು ತಿಳಿದು, ಎಲೆ ತೂಗುವ ಶೆಡ್ಡಿನಲ್ಲಿ ಊರವರನ್ನೆಲ್ಲ ಸೇರಿಸಿ, ಆ ಭಾಗವನ್ನು ಗಟ್ಟಿಯಾಗಿ ಓದಿ ಅರ್ಥ ಹೇಳು ಎಂದು ಸರಣ್ಯಾಗೆ ಅಪ್ಪಣೆ ಮಾಡಿದೆ.

"ಬೇಡ ಅಪ್ಪಾ."

"ಓದಮ್ಮಾ, ನಾಚಿಕೆ ಯಾಕೆ?"

ಅವಳು ಓದಿದಳು: "ಪ್ರಯೋಗಕ್ಕೆ ಬಂದ ಅಡ್ಡಿಗಳು ಮೂರು. ಬಿಡದ ಮಳೆ, ಕಾಡೆಮ್ಮೆ, ನನ್ನ ತಂದೆ. ಮಳೆ ನಿಲ್ಲುವವರೆಗೆ ಕಾಯಬಹುದು. ಕಾಡೆಮ್ಮೆಗೆ ಬೇಲಿ ಹಾಕಬಹುದು. ಮೂರನೆಯದಕ್ಕೆ ಪರಿಹಾರ ಇನ್ನೂ ಸಿಕ್ಕಿಲ್ಲ."